ಮೊದಲ ಪುಟದ ಮುಖ

ಪಾಣೆಮಂಗಳೂರು

ತಮ್ಮ ಬಾಸಿತ್‌ಗೆ ಸಲಾಂ,

ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ದುಬೈಯಲ್ಲಿ ಕುಳಿತು ನನ್ನ ಫೋಟೋ ಸ್ಟುಡಿಯೋಗೆ ವೆಬ್‌ಸೈಟ್ ಮಾಡಿಕೊಟ್ಟೆ, ಸಂತೋಷ. ಆದರೆ ಮದುಮಗಳು ಸಬೀಹಾಳ ಫೋಟೋ ಹಾಕಬೇಡವೆಂದು ಮೂರು ಸಲ ಹೇಳಿರಲಿಲ್ಲವೇ? ಆದರೂ ಮೊದಲ ಪುಟದಲ್ಲೇ ಹಾಕಿಬಿಟ್ಟೆ. ನಿನ್ನೆ ಅವಳ ತಾಯಿ ಸ್ಟುಡಿಯೋಗೇ ಬಂದರು. “ಗಂಡಸರು ನೋಡಬಾರದೆಂದೇ ನಿನ್ನನ್ನು ಕರೆದದ್ದು ಮಾರಾಯ್ತಿ. ಈಗ ಊರಿಡೀ ನೋಡ್ತಾ ಉಂಟು” ಎಂದು ಅತ್ತುಬಿಟ್ಟರು. ನನಗೆ ತಲೆಯೆತ್ತಲಾಗಲಿಲ್ಲ.

“ಮುಖ ಇಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಅಕ್ಕ” ಎನ್ನುತ್ತೀಯ. ನನಗೆ ಬೇಕಾದ ಗಿರಾಕಿಗಳು ಮುಖ ತೋರಿಸಲು ಇಷ್ಟವಿಲ್ಲದವರೇ, ಬಾಸಿತ್! ಎಷ್ಟು ಸಲ ಹೇಳಲಿ?

ಇದನ್ನು ಓದಿದ ಕೂಡಲೇ ಆ ಫೋಟೋ ತೆಗೆದುಹಾಕು. ‘ಇಲ್ಲಿ ಫೋಟೋ ತೆಗೆಯುವವಳು ಹೆಂಗಸು, ಮದುಮಗಳ ಚಿತ್ರ ಅವಳ ಮನೆಯವರಿಗೆ ಮಾತ್ರ’ ಎಂದು ದೊಡ್ಡದಾಗಿ ಬರೆ. ಮುಖ ಬೇಕೇ ಬೇಕೆಂದರೆ ನನ್ನದನ್ನು ಹಾಕು.

ನಿನ್ನ ಅಕ್ಕ,
ಜಸೀಲಾ