ಕಾಲೇಜು ಗೇಟಿನ ಬ್ಯಾನರು

ಅಪ್ಪಾಜಿಗೆ ಶರಣು.

'ಕಾರು ಬಿಡಿ, ಸೈಕಲ್ ಹಿಡಿಯಿರಿ' ಎಂಬ ನೀವು ನಡೆಸಿದ ಸೈಕಲ್ ರ‍್ಯಾಲಿಯ ಬ್ಯಾನರು ಇನ್ನೂ ನಮ್ಮ ಕಾಲೇಜಿನ ಗೇಟಿನಲ್ಲೇ ಇದೆ. ಅದರಲ್ಲಿ ಸೈಕಲ್ ಮೇಲೆ ಕೂತು ನಗುತ್ತಿರುವವಳು ನಾನು. ರ‍್ಯಾಲಿ ಮುಗಿದ ಮೇಲೂ ನಾನು ಟಿಳಕವಾಡಿಯ ಹಾಸ್ಟೆಲ್ಲಿನಿಂದ ಕ್ಲಾಸಿಗೆ ಸೈಕಲ್ಲಿನಲ್ಲೇ ಹೋದದ್ದು ನಿಮಗೆ ಸೇರಲಿಲ್ಲ. "ಖಾನಾಪುರದಾಗ ನಮಗೊಂದು ಮರ್ಯಾದಿ ಐತಿ. ಮಂದಿ ಏನಂದಾರು? ಕಾರ್ ಕಳಸ್ತೀನಿ, ಸುಮ್ನ ಕುಂದ್ರು," ಎಂದಿರಿ.

ನಿನ್ನೆ ಡ್ರೈವರ್ ಅಮರಣ್ಣ ಬಂದು ನನ್ನ ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿಕೊಂಡು ಹೋದ. ಹಾಸ್ಟೆಲ್ ಕಿಟಕಿಯಲ್ಲಿ ನಿಂತು ಪ್ರಮಿಳಾ, "ನೋಡವಾ, ನಿನ್ನ ಸೈಕಲ್ಲೂ ಕಾರ್ ಹತ್ತಿ ಹೊಂಟೈತಿ!" ಎಂದಳು. ಎಲ್ಲರೂ ನಕ್ಕರು. ಸಾರಿ ಅಪ್ಪಾಜಿ, ನನಗೆ ಹೇಸಿಗೆಯಾಯಿತು.

ಸೈಕಲ್ ವಾಪಸ್ ಕಳಿಸಿ. ಆಗದಿದ್ದರೆ ಬ್ಯಾನರ್ ಇಳಿಸಿ. ಅಲ್ಲಿಯವರೆಗೆ ಕಾರು ಬೇಡ, ನಡೆದೇ ಹೋಗುತ್ತೇನೆ, ಹಿಂದಿನ ಗೇಟಿನಿಂದ.

ನಿಮ್ಮ ಮಗಳು,
ಸಮೃದ್ಧಿ