ಗರಗಸದ ಇನ್ನೊಂದು ತುದಿ

ಅಡುಗೆಮನೆ ಕಟ್ಟೆ, ಭಾನುವಾರ ಸಂಜೆ

ಸಮಸ್ತ ಡಬ್ಬಿಗಳ ಒಡತಿ, ಈ ಮನೆಯ ಏಕೈಕ ವಿವೇಕ, ಸದ್ಯ ಚಿಕ್ಕಮ್ಮನ ಮನೆಯಲ್ಲಿ ಬೀಡುಬಿಟ್ಟಿರುವ ಅಮ್ಮನವರ ಪಾದಾರವಿಂದಗಳಿಗೆ ಕಿರಿಯ ಮಗನ ಗುಪ್ತ ವರದಿ.

ಮೊಣಕಾಲು ನೋವು ಹೇಗಿದೆ? ಅಲ್ಲಿಯ ಮೆಟ್ಟಿಲು ಪದೇಪದೇ ಹತ್ತಿಳಿಯಬೇಡ. ನಾವು ಚೆನ್ನಾಗಿದ್ದೇವೆ. ನನಗೆ ಅನುಮಾನ ಬಂದಿರುವುದೇ ಅದಕ್ಕೆ.

"ಆ ಮನುಷ್ಯ ಟಿವಿ ಮುಂದೆ ಕಿರುಚೋದು ನಿಲ್ಲಿಸೋವರೆಗೂ ಬರಲ್ಲ" ಎಂದು ಹೋದೆಯಲ್ಲ, ಅಪ್ಪ ನಿಲ್ಲಿಸಿಬಿಟ್ಟಿದ್ದಾರೆ. ವಾರ್ತೆಯಲ್ಲಿ ಮಂತ್ರಿ ಹಲ್ಲು ಕಿರಿದರೂ ಎಸೆಯಲು ಚಪ್ಪಲಿ ಹುಡುಕುವುದಿಲ್ಲ. ಎದ್ದು ಟಿವಿ ಆರಿಸಿ, ಎರಡು ಲೋಟ ಚಹಾ ಹಿಡಿದು, ಹಿತ್ತಲಿನ ತಮ್ಮ ಮರಗೆಲಸದ ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಎರಡು ಲೋಟ, ಗಮನಿಸು. ಪಕ್ಷ ಕಟ್ಟುತ್ತಿದ್ದಾರೆಯೇ? ಚುನಾವಣೆಗೆ ನಿಲ್ಲುವ ಹುನ್ನಾರವೇ? ಮನೆತನದ ಮರ್ಯಾದೆಯ ಪ್ರಶ್ನೆಯಾದ್ದರಿಂದ ಕಿಟಕಿಯ ಸಂದಿಗೆ ಕಣ್ಣಿಟ್ಟೆ.

ಒಳಗಿದ್ದದ್ದು ಕ್ಷೌರದಂಗಡಿ ಮಾವ. ಎದುರು ಪಕ್ಷದವನ ಕೈಗೆ ಕೆನ್ನೆ ಕೊಡಲಾರೆನೆಂದು ಅಪ್ಪ ಗಡ್ಡವನ್ನೇ ಬಿಟ್ಟರಲ್ಲ, ಅದೇ ಮಾವ. ದಪ್ಪ ದಿಮ್ಮಿಯ ಮೇಲೆ ಇಬ್ಬರೆಳೆಯುವ ಗರಗಸ. ಆ ತುದಿಗೆ ಮಾವ, ಈ ತುದಿಗೆ ಅಪ್ಪ. ಬಸ್ ನಿಲ್ದಾಣದ ಮುರಿದ ಬೆಂಚನ್ನು ಸರಿಮಾಡಿಸುತ್ತೇವೆಂದು ಇಬ್ಬರ ಪಕ್ಷವೂ ಮಾತು ಕೊಟ್ಟು ಮರೆತಿದೆ; ಈಗ ಇವರೇ ಹೊಸದು ಮಾಡುತ್ತಿದ್ದಾರೆ. ಬಾಯಿಗೆ ಮಾತ್ರ ಬಿಡುವಿಲ್ಲ. "ನಿಮ್ಮೋರು ರಸ್ತೆ ನುಂಗಿದ್ರು." "ನಿಮ್ಮೋರು ಸೇತುವೆನೇ ನುಂಗಿ ತೇಗಿದ್ರು, ಅದಕ್ಕೇನಂತೀಯ?" ಆದರೆ ಸಿಟ್ಟಿನಲ್ಲಿ ಯಾರಾದರೂ ತಳ್ಳಿದರೋ, ಗರಗಸ ಬಾಗಿ ಮರದಲ್ಲಿ ಕಚ್ಚಿಕೊಳ್ಳುತ್ತದೆ. "ಎಳಿ ಅಷ್ಟೇ, ತಳ್ಳಬೇಡ. ನಿನ್ನದಾಯ್ತು, ಈಗ ನಂದು" ಎನ್ನುತ್ತಾರೆ ಅಪ್ಪ. ಸಿಕ್ಕಿಸಿದವನೇ ಬಿಡಿಸಬೇಕು, ಅಲ್ಲಿಯವರೆಗೆ ಅವನು ತುಟಿ ಬಿಚ್ಚುವಂತಿಲ್ಲ. ಹೀಗೆ ಒಂದು ಸರ್ಕಾರವನ್ನು ಪೂರ್ತಿ ಬೈದು ಮುಗಿಸುವಷ್ಟರಲ್ಲಿ ಬೆಂಚಿನ ಒಂದು ಕಾಲು ತಯಾರು.

ಅಪ್ಪನಿಗೆ ಇಷ್ಟೊಂದು ತಾಳ್ಮೆ ಎಂದರೆ ನನಗಂತೂ ನಂಬಿಕೆಯಿಲ್ಲ. ನಿಗಾ ಮುಂದುವರಿಸಿದ್ದೇನೆ. ಚಿಕ್ಕಮ್ಮನಿಗೆ ನಮಸ್ಕಾರ, ನಿನಗೆ ಸಾಷ್ಟಾಂಗ.

ನಿನ್ನ ನಿಷ್ಪಕ್ಷಪಾತಿ ಗೂಢಚಾರ,
ಕಿರಿಯವನು

ಬಿಟ್ಟುಹೋದದ್ದು: ನಿಷ್ಪಕ್ಷಪಾತಿ ಎಂಬುದು ಸುಳ್ಳು. ಮೊದಲ ದಿನವೇ ಸಿಕ್ಕಿಬಿದ್ದೆ; ಅಂದಿನಿಂದ ದಿಮ್ಮಿ ಅಲುಗದಂತೆ ಅದರ ಮೇಲೆ ಕೂರುವುದು ನನ್ನ ಕೆಲಸ. ನಿನ್ನೆ ಗರಗಸ ಹಿಂದೆಂದೂ ಇಲ್ಲದಷ್ಟು ಬಿಗಿಯಾಗಿ ಕಚ್ಚಿಕೊಂಡಿತು. ತಳ್ಳಿದ್ದು ಅಪ್ಪ. ಆಗ ಯಾರೂ ರಾಜಕೀಯ ಮಾತಾಡುತ್ತಿರಲಿಲ್ಲ. "ಅಮ್ಮ ಯಾವಾಗ ಬರ್ತಾಳೆ" ಎಂದು ನಾನು ಕೇಳಿದ್ದೆ, ಅಷ್ಟೇ.