ಕಾಯಿಸದೆ ಕಾಡಿದ ಸರೋವರ

ಬೆಟ್ಟ ಹತ್ತಿ ಬಂದ ಬಂಧುಗಳೇ, ಸರೋವರ ಸುತ್ತಿ ಬಂದ ಸಜ್ಜನರೇ, ರೋಪ್‌ವೇಯಲ್ಲಿ ನೇತಾಡಿಯೂ ಕ್ಷೇಮವಾಗಿ ನೆಲ ಮುಟ್ಟಿದ ಜಪಾನ್‌ವಾಸಿ ಕನ್ನಡ ಮಹಾಜನರೇ, ತಾವೆಲ್ಲ ಸಾಕ್ಷಿಯಾಗಿರಬೇಕು. ಪರ್ವತ ಉದ್ಯಾನದ ವೇಳಾಪಟ್ಟಿ ಹಾಕುವ ಮಾನ್ಯ ಅಧಿಕಾರಿಗಳ ಮೇಲೆ ನನ್ನದೊಂದು ದೂರಿದೆ. ಮಾನ್ಯರೇ, ನಿಮ್ಮಲ್ಲಿ ಯಾವುದೂ ತಡವಾಗುವುದಿಲ್ಲ. ಇದರಿಂದ ನನಗೆ ಘೋರ ಅನ್ಯಾಯವಾಗಿದೆ.

ನಗಬೇಡಿ. ಕಳೆದ ಶನಿವಾರ ಹೆಂಡತಿ ವಸುಧಾ, ಮಗಳು ಶ್ರಾವ್ಯಾ ಇಬ್ಬರನ್ನೂ ಕರೆದುಕೊಂಡು ನಾವಿರುವ ಸಗಮಿಹಾರಾದಿಂದ ನಿಮ್ಮಲ್ಲಿಗೆ ಬಂದದ್ದು ಹಿಮದ ಶಿಖರ ನೋಡಲಿಕ್ಕಲ್ಲ. ಕಾವಾಸಾಕಿಯಲ್ಲಿರುವ ನನ್ನ ಕಂಪನಿ, ಇಷ್ಟವಿದ್ದರೆ ಬೆಂಗಳೂರಿನ ಕಚೇರಿಗೆ ವಾಪಸ್ ಹೋಗಬಹುದು ಎಂದು ನನಗೆ ಹೇಳಿದೆ. ವಸುಧಾಗೋ, ವರ್ಷಗಟ್ಟಲೆ ಗುತ್ತಿಗೆಯಲ್ಲಿ ದುಡಿದ ಮೇಲೆ, ಸಗಮಿಹಾರಾದ ಸಂಶೋಧನಾಲಯದಲ್ಲಿ ಈಗಷ್ಟೇ ಕಾಯಂ ಕೆಲಸ ಸಿಕ್ಕಿದೆ. ಬೆಂಗಳೂರಿನ ಸುದ್ದಿ ಅವಳಿಗೆ ಗೊತ್ತಿಲ್ಲ. ಮನೆಯಲ್ಲಿ ಹೇಳೋಣವೆಂದರೆ ಗೋಡೆ ತೆಳು, ಮಗಳ ಕಿವಿ ಚುರುಕು. ಊರಾಚೆ, ನೀರಿನ ದಂಡೆಯಲ್ಲಿ, ಮಾಡಲು ಬೇರೆ ಕೆಲಸವಿಲ್ಲದ ಒಂದು ಹೊತ್ತಿನಲ್ಲಿ ಹೇಳಿದರೆ ಅಷ್ಟೊಂದು ಭಾರವಾಗಿ ಕೇಳಿಸಲಿಕ್ಕಿಲ್ಲ ಎಂದುಕೊಂಡಿದ್ದೆ.

ಆ ಹೊತ್ತು ನಿಮ್ಮ ರಾಜ್ಯದಲ್ಲಿ ಎಲ್ಲಿದೆ ಸ್ವಾಮಿ? ರೈಲು ಇಳಿದರೆ ಎದುರಿಗೇ ಬಸ್ಸು ಬಾಗಿಲು ತೆರೆದು ನಿಂತಿದೆ. ಬಸ್ಸು ಇಳಿದರೆ ಹಳಿಯ ಮೇಲೆ ಗುಡ್ಡ ಹತ್ತುವ ಡಬ್ಬಿ. ಅದನ್ನು ಇಳಿದರೆ ತಂತಿಯ ಮೇಲೆ ತೇಲುವ ಇನ್ನೊಂದು ಡಬ್ಬಿ. ಬಿಳಿ ಕೈಗವಸಿನ ನಿಮ್ಮ ಸಿಬ್ಬಂದಿ ಸೊಂಟ ಬಗ್ಗಿಸಿ, ‘ಸುಮಿಮಾಸೆನ್’ ಎಂದು ಕ್ಷಮೆ ಕೇಳುತ್ತಲೇ ನಮ್ಮನ್ನು ಒಳಗೆ ತುಂಬುತ್ತಾರೆ. ಇಷ್ಟು ವಿನಯದಿಂದ ನನ್ನನ್ನು ಯಾರೂ ಎಂದೂ ತಳ್ಳಿರಲಿಲ್ಲ.

“ರೀ, ಬೆಳಿಗ್ಗೆಯಿಂದ ಏನೋ ಹೇಳ್ಬೇಕು ಅಂತಿದ್ರಲ್ಲಾ?” ಎಂದಳು ವಸುಧಾ.

“ಹೇಳ್ತೀನಿ ಕಣೇ. ಎಲ್ಲಾದ್ರೂ ಸ್ವಲ್ಪ ಕೂತ್ಕೊಳ್ಳೋಣ.”

“ಕೂತ್ಕೊಳ್ಳೋದಂತೆ! ಆಫೀಸಲ್ಲಿ ಕೂತೂ ಕೂತೂನೇ ಈ ಹೊಟ್ಟೆ ಬಂದಿರೋದು. ನಡೀರಿ.”

“ಅಪ್ಪಾ, ಹಯಾಕು! ನೆಕ್ಸ್ಟ್ ಕೇಬಲ್ ಕಾರ್ ಬಂದೇ ಬಿಡ್ತು,” ಎಂದು ಅವಸರಪಡಿಸುತ್ತ ಮಗಳು ನನ್ನ ತೋಳು ಹಿಡಿದೆಳೆದಳು.

ಹತ್ತು, ಇಳಿ, ಮತ್ತೆ ಹತ್ತು, ಮಾತಾಡಲಿಕ್ಕೆಲ್ಲಿದೆ ಹೊತ್ತು? ಪ್ರಾಸ ನನ್ನ ಹಳೇ ದುರಭ್ಯಾಸ, ಮನ್ನಿಸಬೇಕು.

ಕಾಯುವುದೆಂದರೆ ಕಾಲಹರಣ ಎಂದು ನಿಮಗೆ ಹೇಳಿಕೊಟ್ಟವರು ಯಾರು? ನಮ್ಮ ಕಡೆಯ ಒಂದು ಜಂಕ್ಷನ್ನಿನಲ್ಲಿ ರೈಲು ತಡವಾದದ್ದರಿಂದಲೇ ನನ್ನ ಅಕ್ಕ ಅಹಲ್ಯಾಗೆ ಗಂಡು ಸಿಕ್ಕಿದ್ದು. ಪಕ್ಕದ ಬೆಂಚಿನವರು ಸೌತೆಕಾಯಿ ಹೆಚ್ಚಿ ಕೊಟ್ಟರು, ಅಮ್ಮ ಡಬ್ಬಿ ಬಿಚ್ಚಿ ಅವಲಕ್ಕಿ ಕೊಟ್ಟಳು. ಯಾವ ಊರು, ಯಾರ ಪೈಕಿ ಎಂದು ಶುರುವಾದ ಮಾತು ಸಿಗ್ನಲ್ ಬೀಳುವಷ್ಟರಲ್ಲಿ ಜಾತಕದವರೆಗೆ ಹೋಗಿತ್ತು. ರೈಲು ಸಮಯಕ್ಕೆ ಸರಿಯಾಗಿ ಬಂದಿದ್ದರೆ ನಮ್ಮ ಭಾವನ ಗತಿ ಏನಾಗುತ್ತಿತ್ತು? ಜಗಳ, ರಾಜಿ, ಸಾವಿನ ಸುದ್ದಿ, ಎಲ್ಲವನ್ನೂ ನಮ್ಮವರು ಬಸ್ಸು ಬರುವ ಮುಂಚೆ ಆಡಿ ಮುಗಿಸುತ್ತಾರೆ. ಮಾತು ಕೆಟ್ಟರೂ ಚಿಂತೆಯಿಲ್ಲ. ಬಸ್ಸು ಬಂದು ಬಿಡಿಸುತ್ತದೆ. ಇಂಥ ನಾಗರಿಕ ಸೌಲಭ್ಯವನ್ನು ನಿಮ್ಮ ದೇಶ ಬೇರುಸಹಿತ ಕಿತ್ತುಹಾಕಿದೆಯಲ್ಲ, ಇದನ್ನು ಪ್ರಗತಿ ಎನ್ನೋಣವೇ?

ಆದ್ದರಿಂದ ನನ್ನ ಹಕ್ಕೊತ್ತಾಯ ಇಷ್ಟೇ. ಸರೋವರ ದಾಟಿಸುವ ದೋಣಿಗಳಲ್ಲಿ ದಿನಕ್ಕೆ ಒಂದನ್ನಾದರೂ ಅರ್ಧ ಗಂಟೆ ತಡವಾಗಿ ಬಿಡತಕ್ಕದ್ದು. ಕಾರಣ ಹೇಳಕೂಡದು. ಧ್ವನಿವರ್ಧಕದಲ್ಲಿ ಕ್ಷಮೆಯನ್ನಂತೂ ಕೇಳಲೇಕೂಡದು. ಗಂಡ-ಹೆಂಡಿರು ದಡದಲ್ಲಿ ಕೂತು ಆಡಬೇಕಾದ್ದನ್ನು ಆಡಿಕೊಳ್ಳಲಿ.

ಇಲ್ಲ, ಇದು ಸುಳ್ಳು.

ಅಂದು ನಿಮ್ಮ ದೋಣಿ ತಡವಾಗಿತ್ತು. ಗಾಳಿ ಜೋರಾಗಿದೆಯೆಂದು ನಿಲ್ಲಿಸಿದ್ದಿರಿ. ಶ್ರಾವ್ಯಾ ಐಸ್‌ಕ್ರೀಮಿನ ಸಾಲಿನಲ್ಲಿದ್ದಳು. ವಸುಧಾ ಬೆಂಚಿನ ಮೇಲೆ ನನಗೆ ಒತ್ತಿಕೊಂಡು ಕೂತು, “ಈಗ ಹೇಳಿ, ಯಾರೂ ಇಲ್ಲ,” ಎಂದಳು. ನಾನು ನೀರು ನೋಡಿದೆ, ಶಿಖರ ನೋಡಿದೆ. “ಎಷ್ಟು ಚೆನ್ನಾಗಿದೆ ಅಲ್ವಾ?” ಎಂದೆ. “ಇದನ್ನ ಹೇಳೋಕೆ ಬೆಳಿಗ್ಗೆಯಿಂದ ಒದ್ದಾಡ್ತಿದ್ರಾ?” ಎಂದು ಅವಳು ಮನಸಾರೆ ನಕ್ಕಳು. ಅದೇ ಖುಷಿಯಲ್ಲಿ ಹೊಸ ಕೆಲಸದ ಬಗ್ಗೆ, ಮುಂದಿನ ವರ್ಷ ಕೊಳ್ಳಬಹುದಾದ ಮನೆಯ ಬಗ್ಗೆ ದೋಣಿ ಬರುವತನಕ ಮಾತಾಡಿದಳು. ನಾನು ಹೂಂಗುಟ್ಟಿದೆ.

ಬೆಂಗಳೂರಿಗೂ ನಾನು ಹೂಂ ಅಂದಾಗಿದೆ. ಪ್ರವಾಸಕ್ಕೆ ಮೊದಲೇ, ಅವಳನ್ನು ಒಂದು ಮಾತೂ ಕೇಳದೆ. ಯಾರೂ ಬಲವಂತ ಮಾಡಲಿಲ್ಲ. ಹೋಗಬೇಕು ಅನ್ನಿಸಿತು, ಅಷ್ಟೇ.

ಮಾನ್ಯರೇ, ನಿಮಗೆ ಕನ್ನಡ ಬರುವುದಿಲ್ಲ. ಅವಳಿಗೆ ಬರುತ್ತದೆ.

ಇಂತಿ,
ಸದ್ಯ ಸಗಮಿಹಾರಾದಲ್ಲೇ ಇರುವ, ಎಷ್ಟು ದಿನವೋ ತಿಳಿಯದ,
ಹೃಷಿಕೇಶ